ಎಂ.ಜಿ. ರಸ್ತೆ ಅಂಗಡಿಗಳು ಎಲ್ಲಿ ಹೋದವು, ಪೇಟೆ ಅಂಗಡಿಗಳು ಹೇಗೆ ಉಳಿದವು?

ಪ್ರಶ್ನೆ: ನಾನು ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಕಾಲೇಜು ಓದಿದವನು. ಆಗ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ನೋಡಿದ ಅಂಗಡಿಗಳಲ್ಲಿ ಮುಕ್ಕಾಲು ಪಾಲು ಈಗಿಲ್ಲ. ಆದರೆ ಅವೆನ್ಯೂ ರಸ್ತೆ, ಚಿಕ್ಕಪೇಟೆಗೆ ಹೋದರೆ ಅಪ್ಪ ಕರಕೊಂಡು ಹೋಗ್ತಿದ್ದ ಎಷ್ಟೋ ಅಂಗಡಿಗಳು ಅಲ್ಲೇ ಇವೆ. ಅದೇ ಇಕ್ಕಟ್ಟು, ಅದೇ ಗಲಾಟೆ. ಒಂದೇ ಊರಲ್ಲಿ ಯಾಕೆ ಹೀಗೆ? ಮಾಲ್, ಆನ್‌ಲೈನ್ ಬಂದಿದ್ದೇ ಕಾರಣ ಅಂತ ಎಲ್ಲರೂ ಹೇಳ್ತಾರೆ, ನಿಜವಾ? ಇವತ್ತಿನ ಬೀದಿ ನೋಡಿ ಅದರ ಹಳೇ ರೂಪ ಪತ್ತೆ ಹಚ್ಚೋಕೆ ಆಗುತ್ತಾ?

ಉತ್ತರ: ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ. ಆಗುತ್ತೆ, ಚೆನ್ನಾಗಿಯೇ ಆಗುತ್ತೆ. ಹೇಗೆ ಅಂತ ಆಮೇಲೆ ಬರೆಯುತ್ತೇನೆ. ಮಾಲ್ ಮತ್ತು ಆನ್‌ಲೈನ್ ವಿಚಾರಕ್ಕೆ ಬಂದರೆ, ಅವು ಪೆಟ್ಟು ಕೊಟ್ಟಿದ್ದು ನಿಜ, ಆದರೆ ನೀವು ಕೇಳಿದ ವ್ಯತ್ಯಾಸಕ್ಕೆ ಅವು ಕಾರಣ ಅಲ್ಲ. ಮೊಬೈಲಲ್ಲಿ ಸೀರೆ ಕೊಳ್ಳುವ ಸೌಕರ್ಯ ಚಿಕ್ಕಪೇಟೆಯ ಗಿರಾಕಿಗೂ ಇದೆ, ಬ್ರಿಗೇಡ್ ರಸ್ತೆಯ ಗಿರಾಕಿಗೂ ಇದೆ. ಒಂದು ಕಡೆ ಅಂಗಡಿ ಉಳಿದು ಇನ್ನೊಂದು ಕಡೆ ಹೋಯಿತು ಅಂದರೆ ಕಾರಣ ಗಿರಾಕಿಯಲ್ಲಿ ಇಲ್ಲ, ನೆಲದಲ್ಲಿದೆ. ಸೈಟು ಎಷ್ಟು ಅಗಲ, ಅದು ಯಾರ ಹೆಸರಲ್ಲಿದೆ, ಬಾಡಿಗೆ ಕಾನೂನು ಏನು ಹೇಳುತ್ತೆ. ನನ್ನ ಉತ್ತರವೆಲ್ಲ ಇದರ ಸುತ್ತಲೇ ಇದೆ.

ಪೇಟೆಯಿಂದ ಶುರು ಮಾಡೋಣ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು ಅದು. ಉತ್ತರ ದಕ್ಷಿಣಕ್ಕೆ ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ. ಅದಕ್ಕೆ ಅಡ್ಡಲಾಗಿ ಚಿಕ್ಕಪೇಟೆ. ಇವೆರಡರ ಸುತ್ತ ಒಂದೊಂದು ಕಸುಬಿಗೆ ಒಂದೊಂದು ಪೇಟೆ: ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಅರಳೆಪೇಟೆ, ತರಗುಪೇಟೆ. ಈ ಪಟ್ಟಿ ನಿಮಗೆ ಗೊತ್ತಿರೋದೇ, ಅದನ್ನೇ ಎಳೆಯೋದಿಲ್ಲ. ನಾನು ಗಮನ ಸೆಳೆಯಬೇಕು ಅಂದುಕೊಂಡಿರೋದು ಆ ಬೀದಿಗಳ ಸೈಟುಗಳ ಕಡೆಗೆ. ಬೀದಿಗೆ ಮುಖ ಇರೋದು ಹತ್ತೋ ಹನ್ನೆರಡೋ ಅಡಿ, ಒಳಗೆ ಹೋದರೆ ಐವತ್ತು ಅರವತ್ತು ಅಡಿ ಆಳ. ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ, ನಡುವೆ ಬೆಳಕಿಗೆ ಒಂದು ತೊಟ್ಟಿ. ಬೀದಿ ಮುಖ ಬೆಲೆಬಾಳುವಂಥದ್ದು, ಹಾಗಾಗಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಕ್ಕಿತು. ಆಮೇಲೆ ಅಣ್ಣ ತಮ್ಮಂದಿರ ಪಾಲಾದಾಗ ಆ ಹನ್ನೆರಡು ಅಡಿಯೂ ಎರಡಾಯಿತು. ಆರಡಿ ಅಗಲದ ಅಂಗಡಿಗಳು ಪೇಟೆಯಲ್ಲಿ ಇವತ್ತೂ ಬೇಕಾದಷ್ಟು ಸಿಗುತ್ತವೆ, ಅಂಗಡಿಯವರು ಕೂತಲ್ಲಿಂದಲೇ ಎರಡೂ ಗೋಡೆ ಮುಟ್ಟಬಹುದು.

ಈಗ ಒಬ್ಬ ಬಿಲ್ಡರ್ ಅಲ್ಲಿ ದೊಡ್ಡ ಕಟ್ಟಡ ಎಬ್ಬಿಸಬೇಕು ಅಂತ ಬರುತ್ತಾನೆ ಅಂದುಕೊಳ್ಳಿ. ಅಕ್ಕಪಕ್ಕದ ಎಂಟು ಹತ್ತು ಸೈಟು ಸೇರಿಸಿದರೇನೇ ಅವನಿಗೆ ಲೆಕ್ಕ ಹೊಂದುವುದು. ಒಂದೊಂದು ಸೈಟಿಗೂ ನಾಲ್ಕೈದು ಜನ ವಾರಸುದಾರರು, ಅವರಲ್ಲಿ ಒಬ್ಬರು ಅಮೆರಿಕದಲ್ಲಿ, ಇಬ್ಬರು ಮಾತಾಡೋದಿಲ್ಲ, ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇರುವವರು ಕೋರ್ಟಿಗೆ ಹೋಗಿದ್ದಾರೆ. ಆತ ಎರಡು ವರ್ಷ ಅಲೆದು ಸುಸ್ತಾಗಿ ವೈಟ್‌ಫೀಲ್ಡ್ ಕಡೆ ಹೋಗುತ್ತಾನೆ. ಪೇಟೆ ಉಳಿದಿದ್ದು ಹೀಗೆ. ಪರಂಪರೆ ಮೇಲಿನ ಪ್ರೀತಿಯಿಂದ ಉಳಿಯಿತು ಅಂತ ಭಾಷಣದಲ್ಲಿ ಹೇಳೋದಕ್ಕೆ ಚೆನ್ನಾಗಿರುತ್ತೆ, ಅಷ್ಟೇ. ಅವೆನ್ಯೂ ರಸ್ತೆಯನ್ನು ಅಗಲ ಮಾಡಬೇಕು ಅನ್ನೋ ಪ್ರಸ್ತಾಪವೂ ಬಂದಿತ್ತು. ಸೈಟಿನ ಮುಂಭಾಗದಲ್ಲಿರುವ ಹತ್ತಡಿ ಆಳದ ಅಂಗಡಿಯಿಂದ ಹತ್ತಡಿ ಕತ್ತರಿಸಿದರೆ ಉಳಿಯೋದೇನು? ವ್ಯಾಪಾರಿಗಳು ಸುಮ್ನೆ ಬಿಡಲಿಲ್ಲ.

ಪೇಟೆ ಬದಲಾಗಲೇ ಇಲ್ಲ ಅಂತಲ್ಲ. ಗೋಡೆ ಅದೇ ಇದ್ದು ಒಳಗಿನ ಕಸುಬು ಎಷ್ಟೋ ಕಡೆ ಬೇರೆಯಾಗಿದೆ. ಧಾನ್ಯದ ಸಗಟು ವ್ಯಾಪಾರ ದೊಡ್ಡ ಮಟ್ಟದಲ್ಲಿ ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿಗೆ ಹೋಯಿತು. ಬಳೇಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂ ಅಂಗಡಿಗಳಿವೆ. ಸುಲ್ತಾನ್‌ಪೇಟೆ ಅಂದರೆ ಈಗ ಮದುವೆ ಕಾರ್ಡು, ಕಾಗದ. ಎಸ್.ಪಿ. ರಸ್ತೆಯಲ್ಲಿ ಕಬ್ಬಿಣದ ಸಾಮಾನಿನ ಪಕ್ಕದಲ್ಲೇ ಕಂಪ್ಯೂಟರ್ ಬಿಡಿಭಾಗ. ಹತ್ತಡಿ ಅಂಗಡಿಗೆ ಇದೇ ಅನುಕೂಲ, ಯಾವ ವ್ಯಾಪಾರ ಬೇಕಾದರೂ ತುಂಬಬಹುದು, ಒಂದು ಹೋದರೆ ಇನ್ನೊಂದು ಬರುತ್ತೆ, ಬೀದಿ ಸಾಯೋದಿಲ್ಲ.

ಇನ್ನು ದಂಡು ಪ್ರದೇಶ, ಅಂದರೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಇರುವ ಕಂಟೋನ್ಮೆಂಟ್. 1809ರಲ್ಲಿ ಇಂಗ್ಲಿಷರು ಸೈನ್ಯ ತಂದು ಕೂರಿಸಿದ ಜಾಗ. ಎಂ.ಜಿ. ರಸ್ತೆಗೆ 1948ರವರೆಗೆ ಸೌತ್ ಪರೇಡ್ ಅಂತ ಹೆಸರಿತ್ತು. ಉತ್ತರಕ್ಕೆ ಪರೇಡ್ ಮೈದಾನ, ದಕ್ಷಿಣಕ್ಕೆ ಮಾತ್ರ ಅಂಗಡಿ ಸಾಲು. ಇವತ್ತೂ ಅಲ್ಲಿ ಹೋಗಿ ನಿಂತರೆ ಅದು ಗೊತ್ತಾಗುತ್ತೆ, ಅಂಗಡಿ ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ ಬದಿಯಲ್ಲಿವೆ. ಪೇಟೆಯ ಹಾಗೆ ಇಲ್ಲಿ ಸೈಟುಗಳು ಪಟ್ಟಿಪಟ್ಟಿಯಾಗಿ ಇರಲಿಲ್ಲ. ಸುತ್ತ ದೊಡ್ಡ ಬಂಗಲೆ, ಕಾಂಪೌಂಡು, ಹಿಂದೆ ಕುದುರೆ ಲಾಯ, ಆಳುಗಳ ಮನೆ. ಮುಂದೆ ಗಾಜಿನ ಶೋಕೇಸು ಇರುವ ಅಂಗಡಿ, ಒಳಗೆ ಕೌಂಟರು. ಒಂದೇ ಮಾಲೀಕರ ಕೈಯಲ್ಲಿ ಅರ್ಧ ಎಕರೆ, ಒಂದು ಎಕರೆ. ಇಂಥ ಜಾಗದಲ್ಲಿ ಒಂದೇ ಒಂದು ಸಹಿ ಬಿದ್ದರೆ ಸಾಕು, ಬಂಗಲೆಯೂ ಹೋಗುತ್ತೆ, ಅದರ ಮುಂದಿನ ಅಂಗಡಿ ಸಾಲೂ ಹೋಗುತ್ತೆ, ಎಂಟು ಮಹಡಿ ಬರುತ್ತೆ. ಎಪ್ಪತ್ತರ ದಶಕದಲ್ಲಿ 25 ಮಹಡಿಯ ಯುಟಿಲಿಟಿ ಬಿಲ್ಡಿಂಗ್ ಎದ್ದಾಗಲೇ ಆ ರಸ್ತೆ ಯಾವ ಕಡೆ ಹೊರಟಿದೆ ಅನ್ನೋದು ತಿಳಿಯಬೇಕಿತ್ತು.

ಹಾಗಿದ್ದರೂ ತೊಂಬತ್ತರ ದಶಕದ ಕೊನೆಯವರೆಗೆ ನೀವು ನೋಡಿದ ಅಂಗಡಿಗಳು ಅಲ್ಲಿ ಇದ್ದವಲ್ಲ, ಅದು ಹೇಗೆ? ಇದಕ್ಕೆ ಕಾರಣ 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಆ ಕಾಯ್ದೆ ಇದ್ದಷ್ಟು ಕಾಲ ಬಾಡಿಗೆದಾರನನ್ನು ಎಬ್ಬಿಸೋದು ಬಹಳ ಕಷ್ಟ, ಬಾಡಿಗೆ ಏರಿಸೋದೂ ಕಷ್ಟ. ಎಷ್ಟೋ ಅಂಗಡಿಗಳಲ್ಲಿ ಒಂದು ತಿಂಗಳ ಬಾಡಿಗೆ ಅಂಗಡಿಯ ಒಂದು ದಿನದ ಚಹಾ ಖರ್ಚಿಗಿಂತ ಸ್ವಲ್ಪ ಜಾಸ್ತಿ ಇತ್ತು ಅಷ್ಟೇ. ಮಾಲೀಕರಿಗೆ ಕಟ್ಟಡದ ಮೇಲೆ ಆಸಕ್ತಿಯೇ ಹೋಯಿತು. ಸುಣ್ಣ ಹೊಡೆಸಲಿಲ್ಲ, ಸೋರಿದರೆ ರಿಪೇರಿ ಮಾಡಿಸಲಿಲ್ಲ. ನಮಗೆ ಹಳೇ ಕಾಲದ ಸೊಗಸು ಅಂತ ಕಾಣುತ್ತಿದ್ದುದರಲ್ಲಿ ಅರ್ಧ ಭಾಗ ಈ ನಿರ್ಲಕ್ಷ್ಯದ ಕೊಡುಗೆ. ಹೇಳೋಕೆ ಬೇಜಾರು, ಆದರೆ ಹಾಗೇನೇ.

ಆಮೇಲೆ 1999ರ ಹೊಸ ಬಾಡಿಗೆ ಕಾಯ್ದೆ ಬಂತು, 2001ರ ಕೊನೆಯಲ್ಲಿ ಜಾರಿಯಾಯಿತು. ಅದರಲ್ಲಿ ಒಂದು ಸಣ್ಣ ಸಾಲಿದೆ, ಬೆಂಗಳೂರಿನ ಬೀದಿಗಳನ್ನು ಅದರಷ್ಟು ಬದಲಾಯಿಸಿದ್ದು ಬೇರೆ ಯಾವುದೂ ಇಲ್ಲ ಅಂತ ನನ್ನ ಅಭಿಪ್ರಾಯ. ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರ್ ಒಳಗಿನ ಅಂಗಡಿಗೆ ಮಾತ್ರ ಕಾಯ್ದೆಯ ರಕ್ಷಣೆ, ಅದಕ್ಕಿಂತ ದೊಡ್ಡದಕ್ಕೆ ಇಲ್ಲ. 14 ಚದರ ಮೀಟರ್ ಅಂದರೆ ಸುಮಾರು 150 ಚದರ ಅಡಿ. ಹತ್ತಕ್ಕೆ ಹದಿನೈದರ ಒಂದು ಕೋಣೆ. ಪೇಟೆಯ ಪುಟ್ಟ ಅಂಗಡಿಗಳಲ್ಲಿ ಎಷ್ಟೋ ಈ ಅಳತೆಯ ಒಳಗೇ ಇದ್ದವು, ಇನ್ನೆಷ್ಟೋ ಕಡೆ ಅಂಗಡಿ ನಡೆಸುವವರೇ ಜಾಗದ ಮಾಲೀಕರು. ಎಂ.ಜಿ. ರಸ್ತೆಯ ಹೋಟೆಲು, ಪುಸ್ತಕದಂಗಡಿ, ಬಟ್ಟೆ ಅಂಗಡಿ ಯಾವುದು 150 ಚದರ ಅಡಿಯಲ್ಲಿ ಇರುತ್ತೆ ಹೇಳಿ? ಅದೇ ಹೊತ್ತಿಗೆ ಐ.ಟಿ. ದುಡ್ಡು ಬಂತು, ದೊಡ್ಡ ಬ್ರಾಂಡುಗಳು ಶೋರೂಮಿಗೆ ಜಾಗ ಹುಡುಕುತ್ತಿದ್ದವು, ಮಾಲೀಕರಿಗೆ ನಲವತ್ತು ವರ್ಷದ ಬಾಕಿ ತೀರಿಸಿಕೊಳ್ಳುವ ಅವಕಾಶ ಸಿಕ್ಕಿತು. ಅವರದ್ದು ತಪ್ಪು ಅಂತ ನಾನು ಹೇಳೋದಿಲ್ಲ.

ಇಂಡಿಯಾ ಕಾಫಿ ಹೌಸ್ 2009ರಲ್ಲಿ ಎಂ.ಜಿ. ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಅದೇ ವರ್ಷ ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ ಬಾಗಿಲು ಹಾಕಿತು. ಎರಡು ಕಡೆಯೂ ಗಿರಾಕಿಗಳಿಗೆ ಬರವಿರಲಿಲ್ಲ. ಕಾಫಿ ಹೌಸಿನಲ್ಲಿ ಟೇಬಲ್ಲಿಗೆ ಕಾಯಬೇಕಿತ್ತು, ಪ್ರೀಮಿಯರ್‌ನಲ್ಲಿ ಪುಸ್ತಕದ ರಾಶಿ ನಡುವೆ ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದೆ ಸರಿಯಬೇಕಿತ್ತು. ವ್ಯಾಪಾರ ಇಲ್ಲದೆ ಮುಚ್ಚಿದ ಅಂಗಡಿಗೂ ವ್ಯಾಪಾರ ಇದ್ದೂ ಎದ್ದುಹೋದ ಅಂಗಡಿಗೂ ವ್ಯತ್ಯಾಸ ಇದೆ, ಅಲ್ವಾ? ನಿಮ್ಮ ನೆನಪಿನ ಅಂಗಡಿಗಳಲ್ಲಿ ಎರಡನೇ ಥರದವು ಜಾಸ್ತಿ.

ಅಷ್ಟರಲ್ಲಿ ಮೆಟ್ರೋ ಕೆಲಸ ಶುರುವಾಯಿತು. ಎಂ.ಜಿ. ರಸ್ತೆಯ ಉತ್ತರ ಬದಿಯಲ್ಲಿದ್ದ ಮರ, ಬೋಗನ್‌ವಿಲ್ಲಾ ಬಳ್ಳಿಯ ನಡೆದಾಡುವ ಹಾದಿ ಹೋಯಿತು, ವರ್ಷಗಟ್ಟಲೆ ಬ್ಯಾರಿಕೇಡು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡುವ ಹೊತ್ತಿಗೆ ಆ ರಸ್ತೆಯಲ್ಲಿ ಸುಮ್ನೆ ಅಡ್ಡಾಡುವ ಅಭ್ಯಾಸವೇ ಜನಕ್ಕೆ ತಪ್ಪಿತ್ತು. ಚಿಕ್ಕಪೇಟೆಯಲ್ಲಿ ಮೆಟ್ರೋ ನೆಲದ ಕೆಳಗೆ ಹೋಯಿತು, 2017ರಲ್ಲಿ ನಿಲ್ದಾಣ ತೆರೆಯಿತು, ಮೇಲಿನ ಬೀದಿ ಬಹುಪಾಲು ಹಾಗೇ ಉಳಿಯಿತು. ಈಗ ಮಲ್ಲೇಶ್ವರ, ಜಯನಗರದಿಂದ ಸೀರೆಗೆ ಬರುವವರಿಗೆ ಪಾರ್ಕಿಂಗ್ ಚಿಂತೆಯೇ ಇಲ್ಲ. ಒಂದೇ ಮೆಟ್ರೋ ಒಂದು ಬೀದಿಗೆ ಏಟು, ಇನ್ನೊಂದಕ್ಕೆ ಲಾಭ.

ಬ್ರಿಗೇಡ್ ರಸ್ತೆಯ ಮೂಲೆಯ ಆಪೆರಾ ಹೌಸ್ ಬಹಳ ಕಾಲ ಪಾಳು ಬಿದ್ದಿತ್ತು. 2018ರಲ್ಲಿ ಅಲ್ಲಿ ಸ್ಯಾಮ್‌ಸಂಗ್ ಶೋರೂಮ್ ಬಂತು. ಹೊರಗಿನ ಮುಖ ಉಳಿಸಿಕೊಂಡಿದ್ದಾರೆ, ಅದಕ್ಕಾಗಿ ಮೆಚ್ಚಬೇಕು. ಅದೇ ವರ್ಷದ ಕೊನೆಗೆ ಅದೇ ರಸ್ತೆಯ ರೆಕ್ಸ್ ಚಿತ್ರಮಂದಿರ ಮುಚ್ಚಿತು. ಮೆಜೆಸ್ಟಿಕ್‌ನಲ್ಲಿ ಅಲಂಕಾರ್ ಹೋಗಿ ಅಲಂಕಾರ್ ಪ್ಲಾಜಾ ಆಯಿತು, ಕಪಾಲಿಯನ್ನು 2017ರಲ್ಲಿ ಕೆಡವಿದರು, ಸಾಗರ್, ಹಿಮಾಲಯ ಕೂಡ ಹೋದವು. ಒಂದು ಚಿತ್ರಮಂದಿರ ಹೋದರೆ ಅದೊಂದೇ ಹೋಗೋದಿಲ್ಲ ಅನ್ನೋದನ್ನು ಜನ ಮರೀತಾರೆ. ಇಂಟರ್‌ವಲ್ ಹೊತ್ತಿನ ಜನ, ಆಟ ಬಿಟ್ಟಾಗಿನ ಜನ, ಟಿಕೆಟ್ ಸಿಗದೆ ಮುಂದಿನ ಆಟಕ್ಕೆ ಕಾಯುವ ಜನ, ಇವರನ್ನೇ ನಂಬಿಕೊಂಡು ಜ್ಯೂಸ್ ಅಂಗಡಿ, ಹೋಟೆಲು, ಫೋಟೋ ಸ್ಟುಡಿಯೋ, ಬೆಲ್ಟು ಪರ್ಸು ಮಾರುವವರು ಇರುತ್ತಿದ್ದರು. ಮಲ್ಟಿಪ್ಲೆಕ್ಸಿನಲ್ಲಿ ಆಟ ಬಿಟ್ಟರೆ ಜನ ಬೀದಿಗೆ ಬರೋದೇ ಇಲ್ಲ, ಎಸ್ಕಲೇಟರ್ ಇಳಿದು ಪಾರ್ಕಿಂಗಿಗೆ ಹೋಗುತ್ತಾರೆ. ಮಾಲ್ ಕಾರಣ ಅನ್ನೋರ ಮಾತಿನಲ್ಲಿ ನಾನು ಪೂರ್ತಿ ಒಪ್ಪುವ ಭಾಗ ಇದೊಂದೇ.

ಬಡಾವಣೆಗಳ ಕತೆ ಬೇರೆ. 1898ರ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿಗೆ ಹೆದರಿದ ಜನ ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆಗಳಿಗೆ ಬಂದರು. ಅಲ್ಲಿ ಮನೆಗೆ ಒಂದು ಬೀದಿ, ಅಂಗಡಿಗೆ ಒಂದು ಬೀದಿ. ಗಾಂಧಿ ಬಜಾರು, ಎಂಟನೇ ಕ್ರಾಸು, ಸಂಪಿಗೆ ರಸ್ತೆ ಹೀಗೆ ಬೆಳೆದವು. ಈ ಬೇಲಿ ಮುರಿದಿದ್ದು ಗ್ಯಾರೇಜಿನಿಂದ. ಕಾರಿಲ್ಲದ ಮನೆಯವರು ಗ್ಯಾರೇಜಿಗೆ ಶಟರ್ ಹಾಕಿ ಬಾಡಿಗೆಗೆ ಕೊಟ್ಟರು. ಮೊದಲು ಬಂದಿದ್ದು ಬೇಕರಿ ಮತ್ತು ಕಾಂಡಿಮೆಂಟ್ಸು, ಇಲ್ಲವೇ ಟೈಲರ್. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಎಷ್ಟೋ ಹುಟ್ಟಿದ್ದು ಇಂಥ ಗ್ಯಾರೇಜುಗಳಲ್ಲೇ.

ನಿಮ್ಮ ಮನೆ ಹತ್ತಿರದ ಒಂದು ಹತ್ತಕ್ಕೆ ಹತ್ತರ ಶಟರ್ ಅಂಗಡಿಯನ್ನು ನೆನಪಿಸಿಕೊಳ್ಳಿ. ತೊಂಬತ್ತರಲ್ಲಿ ಅದು ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತ್, ಒಳಗೆ ಗಾಜಿನ ಗೂಡು, ಮೀಟರಿನಲ್ಲಿ ಕೆಂಪು ಅಂಕಿ ಏರುವಾಗ ಮಾತು ಮುಗಿಸುವ ಅವಸರ. ಅಲ್ಲೇ ಒಂದು ಮೂಲೆಗೆ ಜೆರಾಕ್ಸ್ ಮಷೀನ್ ಬಂತು. ಆಮೇಲೆ ಪ್ಲೈವುಡ್ ಅಡ್ಡ ಹಾಕಿದ ಸೈಬರ್ ಕೆಫೆ. ಅದಾದ ಮೇಲೆ ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿ, ನಂತರ ಮೊಬೈಲ್ ರಿಪೇರಿ, ಕವರು, ಗ್ಲಾಸು. ಈಗ ಎಷ್ಟೋ ಕಡೆ ಅದು ಡೆಲಿವರಿ ಹುಡುಗರು ಬಂದು ಪ್ಯಾಕೆಟ್ ಎತ್ತಿಕೊಂಡು ಹೋಗುವ ಕ್ಲೌಡ್ ಕಿಚನ್. ಗಿರಾಕಿ ಒಳಗೆ ಬರೋದೇ ಇಲ್ಲ, ಹಾಗಾಗಿ ಮುಂದೆ ಬೋರ್ಡು ಕೂಡ ಸರಿಯಾಗಿ ಇರೋದಿಲ್ಲ. ಇಷ್ಟೂ ಬದಲಾದವು, ಶಟರ್ ಮಾತ್ರ ಬದಲಾಗಲಿಲ್ಲ, ಬಣ್ಣ ಬಿಟ್ಟರೆ.

2007ರಲ್ಲಿ ಒಪ್ಪಿಗೆಯಾದ ಮಾಸ್ಟರ್ ಪ್ಲಾನ್ ಮನೆಗಳ ಬೀದಿಗಳಲ್ಲಿ ವ್ಯಾಪಾರಕ್ಕೆ ಬಾಗಿಲು ಇನ್ನಷ್ಟು ತೆಗೆಯಿತು. ಇಂದಿರಾನಗರದ 100 ಅಡಿ ರಸ್ತೆ ನೋಡಿ. ಕಾಂಪೌಂಡು, ಮಾವಿನ ಮರ, ಪೋರ್ಟಿಕೋ ಇದ್ದ ಮನೆಗಳೇ ಅಲ್ಲಿದ್ದಿದ್ದು. ಈಗ ಎರಡೂ ಬದಿ ಹೋಟೆಲು, ಪಬ್ಬು, ಬಟ್ಟೆ ಶೋರೂಮು. ಕಟ್ಟಡದ ಮುಂದೆ ಸೆಟ್‌ಬ್ಯಾಕ್ ಅಂತ ಖಾಲಿ ಬಿಟ್ಟ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ, ನಡೆಯುವವರು ರಸ್ತೆಗಿಳಿಯಬೇಕು. ಪೇಟೆಯಲ್ಲಿ ಅಂಗಡಿ ಬೀದಿಗೆ ಅಂಟಿಕೊಂಡಿದೆ, ಇಲ್ಲಿ ಅಂಗಡಿಗೂ ಬೀದಿಗೂ ನಡುವೆ ಕಾರು ಕೂತಿದೆ. ಪೇಟೆಯ ಗದ್ದಲದಲ್ಲಿ ಗಂಟೆಗಟ್ಟಲೆ ಸುತ್ತಿದರೂ ಬೇಜಾರಾಗದೆ, ಈ ಅಗಲ ರಸ್ತೆಯಲ್ಲಿ ಹತ್ತು ನಿಮಿಷಕ್ಕೇ ಆಟೋ ಹುಡುಕುವ ಹಾಗಾಗೋದು ಇದಕ್ಕೇ ಅಂತ ನನಗೆ ಅನಿಸುತ್ತೆ. ಚರ್ಚ್ ಸ್ಟ್ರೀಟಿನಲ್ಲಿ 2018ರಲ್ಲಿ ಕಲ್ಲು ಹಾಸಿ ಫುಟ್‌ಪಾತ್ ಅಗಲ ಮಾಡಿದ ಮೇಲೆ ಪುಸ್ತಕದ ಅಂಗಡಿಗಳ ಮುಂದೆ ಮತ್ತೆ ಜನ ನಿಲ್ಲೋಕೆ ಶುರು ಮಾಡಿದರು. ಅಲ್ಲಿ ಬಾಡಿಗೆಯೂ ಏರಿತು ಅನ್ನಿ.

ಇನ್ನು ಬೀದಿ ಓದುವ ವಿಚಾರ. ಅವೆನ್ಯೂ ರಸ್ತೆಗೆ ಹೋದರೆ ಮೊದಲು ಕಾಲ ಕೆಳಗೆ ನೋಡಿ. ಟಾರಿನ ಮೇಲೆ ಟಾರು ಹಾಕಿ ಹಾಕಿ ರಸ್ತೆ ಎತ್ತರವಾಗಿದೆ. ಅಂಗಡಿಗೆ ಒಂದು ಮೆಟ್ಟಿಲು ಇಳಿದು ಹೋಗಬೇಕು ಅಂದರೆ ಆ ನೆಲ ಹಳೆಯದು. ಮೆಟ್ಟಿಲು ಹತ್ತಬೇಕು ಅಂದರೆ ಇತ್ತೀಚೆಗೆ ಕೆಡವಿ ಕಟ್ಟಿದ್ದು. ಜೋರು ಮಳೆ ಬಂದಾಗ ಹೊಸ್ತಿಲಿಗೆ ಹಲಗೆ ಅಡ್ಡ ಇಟ್ಟು ನೀರು ತಡೆಯುವ ಅಂಗಡಿಗಳೆಲ್ಲ ಮೊದಲ ಗುಂಪಿನವು.

ಆಮೇಲೆ ಬಾಗಿಲು. ಶಟರ್ ಬರುವ ಮುಂಚೆ ಹಲಗೆ ಬಾಗಿಲು ಇರುತ್ತಿದ್ದವು, ಒಂದೊಂದು ಹಲಗೆಗೂ ನಂಬರು, ಬೆಳಿಗ್ಗೆ ಒಂದೊಂದಾಗಿ ತೆಗೆದು ಒಳಗೆ ಒರಗಿಸುವುದು, ರಾತ್ರಿ ಅದೇ ಕ್ರಮದಲ್ಲಿ ಕೂರಿಸುವುದು. ಹಲಗೆ ಹೋದರೂ ಅದು ಕೂರುತ್ತಿದ್ದ, ಮೇಲೆ ಕೆಳಗೆ ಕೊರೆದ ಕಚ್ಚು ಕೆಲವು ಹೊಸ್ತಿಲುಗಳಲ್ಲಿ ಇನ್ನೂ ಇದೆ. ಕಲ್ಲಿನ ಹೊಸ್ತಿಲಾದರೆ ಕೈಯಿಟ್ಟು ನೋಡಿ, ಕಾಲು ಸವೆದ ಜಾಗ ನಡುವೆ ತಗ್ಗಾಗಿರುತ್ತೆ.

ಈಗ ಬೋರ್ಡಿನ ಮೇಲೆ ನೋಡಿ. ಜನ ನೋಡದೆ ಇರೋದು ಇಲ್ಲೇ. ಕೆಳಗೆ ಎ.ಸಿ.ಪಿ. ಅನ್ನೋ ಅಲ್ಯೂಮಿನಿಯಂ ಶೀಟು, ಎಲ್.ಇ.ಡಿ. ಅಕ್ಷರ. ಅದರ ಮೇಲೆ ಎರಡನೇ ಮಹಡಿಯಲ್ಲಿ ಗಾರೆಯ ಹೂಬಳ್ಳಿ, ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಕೂರಿಸಿದ ಮದ್ರಾಸ್ ತಾರಸಿ, ಮುರಿದ ಬಣ್ಣದ ಗಾಜು. ತುದಿಯಲ್ಲಿ ಗಾರೆಯಲ್ಲೇ ಎಬ್ಬಿಸಿದ ಮನೆತನದ ಹೆಸರು, ಅದೃಷ್ಟ ಇದ್ದರೆ ಇಸವಿ. 1905ರಲ್ಲಿ ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂದ ಮೇಲೆ ರಾತ್ರಿ ವ್ಯಾಪಾರ ಬೆಳೆಯಿತು, 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ಆ ಕಾಲದ ಆಸುಪಾಸಿನ ಮಹಡಿಗಳನ್ನು ಈ ಬೀದಿಗಳಲ್ಲಿ ಈಗಲೂ ಗುರುತಿಸಬಹುದು.

ಬೋರ್ಡಿಗೂ ಅದರದೇ ಕಾಲಮಾನ ಇದೆ. ತಗಡಿನ ಮೇಲೆ ಬ್ರಷ್ಷಿನಲ್ಲಿ ಬರೆದ ಅಕ್ಷರ, ಕೆಳಗೆ ಮೂಲೆಯಲ್ಲಿ ಬರೆದವರ ಆರ್ಟ್ಸ್ ಹೆಸರು, ಇದು ತೊಂಬತ್ತರ ದಶಕದವರೆಗೆ. ಅಕ್ಷರಕ್ಕೆ ನೆರಳು ಕೊಡೋದರಲ್ಲೇ ಒಬ್ಬೊಬ್ಬರ ಕೈ ಗೊತ್ತಾಗುತ್ತಿತ್ತು. ಆಮೇಲೆ ಫ್ಲೆಕ್ಸ್ ಬಂದು ಇಡೀ ಊರೇ ಒಂದೇ ಕಂಪ್ಯೂಟರ್ ಅಕ್ಷರದ್ದಾಯಿತು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಅಕ್ರಮ ಫ್ಲೆಕ್ಸುಗಳನ್ನು ರಾಶಿ ರಾಶಿ ಕಿತ್ತು ಹಾಕಿದರು, ಎಷ್ಟೋ ಕಟ್ಟಡಗಳ ಮುಖ ಆಗ ಬಹಳ ದಿನದ ಮೇಲೆ ಕಂಡಿತು. 2024ರ ಶುರುವಿನಲ್ಲಿ ಬೋರ್ಡಿನ ಶೇ. 60 ಭಾಗ ಕನ್ನಡ ಇರಬೇಕು ಅನ್ನೋ ಕಾನೂನು ಬಿಗಿಯಾಯಿತು, ಕೆಲವೇ ವಾರಗಳಲ್ಲಿ ಬ್ರಿಗೇಡ್ ರಸ್ತೆಯಿಂದ ಇಂದಿರಾನಗರದವರೆಗೆ ಬೋರ್ಡುಗಳು ಬದಲಾದವು. ಒಳ್ಳೆಯದೇ ಆಯಿತು. ಅಕ್ಷರದ ರೂಪಕ್ಕೆ ಇನ್ನೂ ಸ್ವಲ್ಪ ಗಮನ ಕೊಟ್ಟಿದ್ದರೆ ಚೆನ್ನಾಗಿತ್ತು, ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಡಿಕ್ಕಿ ಹೊಡೆಯುವ ಬೋರ್ಡುಗಳು ಕಡಿಮೆಯೇನಿಲ್ಲ.

ಪೇಟೆ ಯಾವತ್ತೂ ಹೀಗೇ ಇರುತ್ತೆ ಅಂದುಕೊಳ್ಳಬೇಡಿ. ಮೂರನೇ ತಲೆಮಾರಿನವರು ಓದಿ ಕೆಲಸಕ್ಕೆ ಹೋಗಿದ್ದಾರೆ, ಗಲ್ಲಾ ಮೇಲೆ ಕೂರುವವರು ಇಲ್ಲ. ಮೇಲಿನ ಮಹಡಿಯ ಮನೆಗಳು ಗೋಡೌನ್ ಆಗಿವೆ, ರಾತ್ರಿ ಎಂಟೂವರೆಗೆ ಬೀದಿ ಖಾಲಿ. ವಾರಸುದಾರರು ಒಂದಾದ ಕಡೆ ಹಳೇ ಕಟ್ಟಡ ಕೆಡವಿ ನಾಲ್ಕು ಮಹಡಿಯ ಇಕ್ಕಟ್ಟಾದ ಕಾಂಪ್ಲೆಕ್ಸು ಏಳುತ್ತಿದೆ, ಒಂದೊಂದು ಮಹಡಿಗೂ ಹತ್ತಾರು ಗೂಡಂಗಡಿ. ಸೈಟು ಚಿಕ್ಕದು ಅನ್ನೋ ರಕ್ಷಣೆ ಇಷ್ಟು ದಿನ ಕೆಲಸ ಮಾಡಿದೆ, ಇನ್ನು ಮುಂದೆ ಬೆಂಕಿಯ ಭಯ, ಫೈರ್ ಎಂಜಿನ್ ಒಳಗೆ ಬರಲಾಗದ ಗಲ್ಲಿಗಳು ಅದನ್ನೇ ಪ್ರಶ್ನೆ ಮಾಡುತ್ತವೆ.

ನೋಡಬೇಕು ಅನಿಸಿದರೆ ಎರಡು ಸಲ ಹೋಗಿ. ಭಾನುವಾರ ಬೆಳಿಗ್ಗೆ ಒಮ್ಮೆ: ಬಹಳ ಶಟರ್‌ಗಳು ಹಾಕಿರುತ್ತವೆ, ಮಹಡಿಗಳನ್ನು ತಲೆಯೆತ್ತಿ ಆರಾಮಾಗಿ ನೋಡಬಹುದು, ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕದವರೂ ಸಿಗುತ್ತಾರೆ. ವಾರದ ದಿನ ಹನ್ನೊಂದರ ಹೊತ್ತಿಗೆ ಇನ್ನೊಮ್ಮೆ, ವ್ಯಾಪಾರ ನೋಡೋಕೆ. ನಿಮ್ಮ ತಂದೆಯವರು ಹೋಗುತ್ತಿದ್ದ ಅಂಗಡಿಗೇ ಮೊದಲು ಹೋಗಿ, ಏನಾದರೂ ಕೊಂಡು ಆಮೇಲೆ ಮಾತಿಗಿಳಿಯಿರಿ. ಬಾಡಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ, ತೆರಿಗೆಯವರೋ ಬ್ರೋಕರೋ ಅಂತ ಅನುಮಾನ ಬಂದು ಮಾತು ಅಲ್ಲಿಗೇ ನಿಲ್ಲುತ್ತೆ. ಗೋಡೆ ಮೇಲೆ ಹಾರ ಹಾಕಿದ ಫೋಟೋ ತೋರಿಸಿ "ಇವರೇನಾ ಅಂಗಡಿ ಶುರು ಮಾಡಿದ್ದು?" ಅಂತ ಕೇಳಿ. ಇಸವಿ, ಮೊದಲು ಏನು ಮಾರುತ್ತಿದ್ದರು, ಯಾವ ತಮ್ಮನಿಗೆ ಯಾವ ಪಾಲು ಹೋಯಿತು, ಎಲ್ಲ ಅವರೇ ಹೇಳುತ್ತಾರೆ.